ಡಬ್ಬಿಯ ಕಾಗದದಲ್ಲಿ ಇಲ್ಲದ ಅಡ್ಡಪರಿಣಾಮ

ಅಪ್ಪಾ,

ನೀನು ಏಳುವ ಮೊದಲೇ ಕೆಲಸಕ್ಕೆ ಹೊರಟಿದ್ದೇನೆ. ಈ ವಾರದ ಮೂಳೆ ಮಾತ್ರೆ ಈ ಚೀಟಿಯ ಮೇಲೇ ಇದೆ, ಕಾಣಲಿಲ್ಲ ಅನ್ನಬೇಡ.

ಡಬ್ಬಿಯೊಳಗಿನ ಕಾಗದ ಓದಿದೆ. ಅಡ್ಡಪರಿಣಾಮಗಳಿಗೆಲ್ಲ ಕೆಂಪು ಗೆರೆ ಎಳೆದಿದ್ದೀಯ. ಖಾಲಿ ಹೊಟ್ಟೆಯಲ್ಲಿ, ಲೋಟದ ತುಂಬ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆ ಮಲಗಬಾರದು ಎಂಬ ಸಾಲಿಗೆ ಮಾತ್ರ ಗೆರೆಯಿಲ್ಲ. ನೀನು ಒಂದು ಗುಟುಕು ಕಾಫಿಯಲ್ಲಿ ನುಂಗಿ ಮತ್ತೆ ಹೊದ್ದು ಮಲಗುತ್ತೀಯ, ಆಮೇಲೆ ಎದೆ ಉರಿಯಿತೆಂದು ಮಾತ್ರೆಯನ್ನು ಬೈಯುತ್ತೀಯ. ಸುಟ್ಟ ಮೋಟಾರು ರಿಪೇರಿಗೆ ತಂದವರನ್ನು "ಜೊತೆಗೆ ಕೊಟ್ಟ ಪುಸ್ತಕಾನ ಇಲಿಗೆ ಓದೋಕೆ ಕೊಟ್ಟಿದ್ರಾ?" ಎಂದು ಕೇಳುವ ಮೆಕ್ಯಾನಿಕ್ ನೀನೇ ತಾನೆ?

ದವಡೆ ಮೂಳೆ ಕೆಡುತ್ತದೆಂಬ ನಿನ್ನ ಭಯ ಸುಳ್ಳಲ್ಲ. ಆದರೆ ಅದು ತೀರಾ ಅಪರೂಪ, ನಿನ್ನ ಹಲ್ಲೂ ಚೆನ್ನಾಗಿವೆ ಎಂದಿದ್ದಾರೆ ಡಾಕ್ಟರು. ಸರಿಯಾಗಿ ನುಂಗಿದ ಮೇಲೂ ಎದೆ ಉರಿದರೆ ನಿಲ್ಲಿಸಿ ಅವರಿಗೆ ಹೇಳೋಣ, ಮಾತ್ರೆಯ ಬದಲು ವರ್ಷಕ್ಕೊಮ್ಮೆಯ ಇಂಜೆಕ್ಷನ್ ಇದೆಯಂತೆ. "ಮೂಳೆ ಟೊಳ್ಳಾಗೋದು ಹೆಂಗಸರ ಕಾಯಿಲೆ ಕಣೇ" ಅಂತ ಮಾತ್ರ ಅವರೆದುರು ಅನ್ನಬೇಡ. ಬರೀ ಒಂದು ಸೀನು ಸೀನಿ ಪಕ್ಕೆಲುಬು ಮುರಿದುಕೊಂಡ ಗಂಡಸು ನೀನು.

ಮಾತ್ರೆ ನುಂಗದಿದ್ದರೆ ಏನಾಗುತ್ತದೆಂದು ಆ ಕಾಗದದಲ್ಲಿಲ್ಲ, ನಾನು ಬರೆಯುತ್ತೇನೆ. ಪಕ್ಕೆ ಮುರಿದಾಗ ನೋವಿಗೆ ಹೆದರಿ ನೀನು ನಗುವುದನ್ನೇ ಬಿಟ್ಟಿದ್ದೆ. ಏನಾದರೂ ತಮಾಷೆ ನೆನಪಾದರೆ ನಾನೂ ಅಮ್ಮನೂ ಅಡುಗೆಮನೆಗೆ ಹೋಗಿ, ನಿನಗೆ ಕೇಳಿಸದ ಹಾಗೆ ಬಾಗಿಲು ಹಾಕಿಕೊಂಡು ಹೇಳಿಕೊಳ್ಳುತ್ತಿದ್ದೆವು. ಇನ್ನೊಂದು ಮೂಳೆ ಮುರಿದರೆ, ಆ ಬಾಗಿಲನ್ನು ಮತ್ತೆ ಹಾಕುವುದು ನನ್ನ ಕೈಲಾಗದು.

ನಿನ್ನ ಮಗಳು