ಅವರ ಹೆಸರಿನ ಕಾಗದಗಳು

ಸೇಲಂ
೧೪ ಜುಲೈ ೨೦೨೪

ಪ್ರೀತಿಯ ಕಮಲಿನಿ,

ನಿನ್ನ ಕಾಗದ ತಲುಪಿತು. ಅಪ್ಪನ ನೆನಪಿನ ಸಂಚಿಕೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳ ಸಂಘದವರು ಅವರ ಐವತ್ತು ಕಾಗದಗಳನ್ನು ಅಚ್ಚು ಹಾಕಿಸುತ್ತಾರೆ, ನಿನಗೆ ಬರೆದದ್ದೇ ಮೊದಲು ಬರಲಿ ಎಂದಿದ್ದೀ. ಕೊನೆಯಲ್ಲಿ ‘ಹೇಳಿದಂತೆ ಬರೆದುಕೊಂಡವರು: ವಸುಧಾ’ ಎಂದು ಹಾಕಿಸುತ್ತೀಯಂತೆ. ಬೇಡ. ಅದು ಸುಳ್ಳು.

ಅವರ ಓಡಾಟದಲ್ಲಿ ಸುಳ್ಳಿಲ್ಲ. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದ ಮೇಲೆ ಅರವತ್ತು ವರ್ಷ ಅವರು ಕೂತವರಲ್ಲ. ಅಲ್ಲಿ ಓದಿ ಈ ಕಡೆ ಕೆಲಸಕ್ಕೆ ಬಂದವರಿಗೆ ತಾರಮಂಗಲಂನಲ್ಲಿ ಬಾಡಿಗೆ ಮನೆ, ಅವರ ಮಕ್ಕಳಿಗೆ ಧರ್ಮಪುರಿಯಲ್ಲಿ ಸ್ಕೂಲ್ ಸೀಟು, ಎಲ್ಲಕ್ಕೂ ಇವರೇ ಬಸ್ಸು ಹತ್ತಿದರು. ಎಂಬತ್ತಮೂರರ ವಯಸ್ಸಿನಲ್ಲೂ ಸಂಘದ ಸಭೆಗೆ ಕುರ್ಚಿ ತಾವೇ ಹಾಕಿದರು. ಅದನ್ನು ಬರೆಯಲಿ.

ಆದರೆ ಕನ್ನಡ ಅವರಿಗೆ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ಇಲ್ಲಿಯ ತಮಿಳು ಶಾಲೆಯಲ್ಲಿ ಕಲಿತವರು. ನಾನು ಕೊಳ್ಳೇಗಾಲದಲ್ಲಿ ಓದಿದವಳು. ಅಪ್ಪ ಹೇಳಿದರು, ಅಮ್ಮ ಬರೆದಳು ಎಂದು ನೀವೆಲ್ಲ ತಿಳಿದಿರಿ. ಅವರು ಹೇಳುತ್ತಿದ್ದದ್ದು ಇಷ್ಟೇ: “ಮೊರಪ್ಪೂರ್ ಕೃಷ್ಣಪ್ರಸಾದ್ ಎಂಡ್ತಿ ತೀರ್ಕೊಂಡ್ಳಂತೆ, ಪಾವಂ. ಏನಾರ ನಾಕ್ ಲೈನ್ ಬರ್ದು ಆಕು ಲೇ.” ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು.

ಆ ಕಾಗದ ಹಿಡಿದುಕೊಂಡು ಕೃಷ್ಣಪ್ರಸಾದ್ ನಮ್ಮ ಮನೆಗೇ ಬಂದು ಅತ್ತರು. ನಾನು ಕಾಫಿ ಕೊಟ್ಟೆ. “ನಿನ್ ಮನ್ಸು ಇನ್ಯಾರ್ಗೈತೆ ವೆಂಕಟರಾಮ” ಎಂದರು. ಇವರು ತಲೆಯಾಡಿಸಿದರು. ಆತ ಹೋದ ಮೇಲೆ ನನ್ನನ್ನು ಕೇಳಿದರು: “ಅಂತಾದ್ದು ಏನ್ ಬರ್ದಿದ್ದೆ?”

ನಾನು ಲೋಟ ತೊಳೆಯಲು ಒಳಗೆ ಹೋದೆ.

ಅನುವಾದದ ಕಾದಂಬರಿ ಕೈಗೆ ಬಂದರೆ ಅನುವಾದಕರ ಹೆಸರನ್ನು ಮೊದಲು ಹುಡುಕುತ್ತೇನೆ. ಸಣ್ಣಕ್ಷರದಲ್ಲಾದರೂ ಇರುತ್ತದೆ. ಅನುವಾದಕರ ಮುಂದೆ ಮೂಲ ಎಂಬುದೊಂದು ಇತ್ತು. ನನ್ನ ಮುಂದೆ ಏನೂ ಇರಲಿಲ್ಲ.

ಐವತ್ತನ್ನೂ ನನ್ನ ಹೆಸರಿನಲ್ಲಿ ಹಾಕಲಿ, ಇಲ್ಲವೇ ಒಂದನ್ನೂ ಹಾಕದಿರಲಿ. ಸಂಘದವರಿಗೂ ಹೀಗೆಯೇ ಬರೆದಿದ್ದೇನೆ. ನಿನಗೆ ಕೋಪ ಬರುತ್ತದೆ. ಬರಲಿ.

ನಿನ್ನ ಅಮ್ಮ,
ವಸುಧಾ

ಮರೆತದ್ದಲ್ಲ, ಮುಂದೂಡಿದ್ದು: ಅಪ್ಪನ ಹೆಸರಿನಲ್ಲಿ ನಿನಗೆ ಬಂದ ಕಾಗದದ ವಿಷಯ. ಚಿನ್ನರಾಜನನ್ನು ಮದುವೆಯಾಗಿ ನೀನು ಹೋದ ಆರನೆಯ ವರ್ಷ, ಇಬ್ಬರೂ ಮನೆಗೆ ಬನ್ನಿ ಎಂದು ಕರೆದದ್ದು. ಉಳಿದವಕ್ಕೆಲ್ಲ ‘ಬರೆ’ ಎಂದಷ್ಟಾದರೂ ಅವರು ಹೇಳಿದ್ದರು. ಇದೊಂದಕ್ಕೆ ನಾನೇ ಕೇಳಿದೆ, ಬರೆಯಲೇ ಎಂದು. “ಬ್ಯಾಡ” ಎಂದರು. ನಾನು ಬರೆದೆ. ನೀವು ಬಂದ ದಿನ ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ನೀನು ಅದನ್ನು ಸಂಕೋಚ ಅಂದುಕೊಂಡೆ.