ಅರಿವಳಿಕೆ ವೈದ್ಯರಿಗೆ ಹೇಳಬೇಕಾದದ್ದು

ಬಸವೇಶ್ವರನಗರ
ಮಂಗಳವಾರ

ಬದರಿ ಅಣ್ಣನಿಗೆ ಪದ್ಮಜಾಳ ನಮಸ್ಕಾರ.

ಬರುವ ಸೋಮವಾರ ನಿನಗೆ ಹರ್ನಿಯಾ ಆಪರೇಷನ್ ಎಂದು ನಿನ್ನ ಮಗಳು ಮಾನಸ ಹೇಳಿದಳು. ನನ್ನ ಫೋನನ್ನು ನೀನು ಎತ್ತುವುದಿಲ್ಲವಾದ್ದರಿಂದ ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ಕಳೆದ ತಿಂಗಳು ನನಗೆ ಪಿತ್ತಕೋಶದ ಆಪರೇಷನ್ ಆಯಿತು. ಮುಗಿದ ಮೇಲೆ ನನ್ನ ಉಸಿರು ತಾನಾಗಿ ಮರಳಲಿಲ್ಲ. ಐದು ಗಂಟೆ ಯಂತ್ರವೇ ನನಗಾಗಿ ಉಸಿರಾಡಿತು. ಅರಿವಳಿಕೆಯ ಜೊತೆ ಕೊಡುವ, ಸ್ನಾಯು ಸಡಿಲಿಸುವ ಒಂದು ಇಂಜೆಕ್ಷನ್ ನನ್ನ ಮೈಯಲ್ಲಿ ಬೇಗ ಕರಗಲಿಲ್ಲವಂತೆ. ವೈಶ್ಯರ ಕೆಲವು ಮನೆತನಗಳಲ್ಲಿ ಇದು ಹುಟ್ಟಿನಿಂದಲೇ ಬರುತ್ತದಂತೆ.

"ಶೆಟ್ರ ಮನೆಯೋರಾ ಅಂತ ಮೊದ್ಲೇ ಕೇಳಿದ್ನಲ್ಲಮ್ಮಾ, ಅಲ್ಲ ಅಂದ್ಬಿಟ್ರಲ್ಲ!" ಎಂದರು ಡಾಕ್ಟರು.

ನಾನು ಗಂಡನ ಜಾತಿ ಹೇಳಿದ್ದೆ. "ಇನ್ಮೇಲೆ ನಮ್ಮನೆ ಹೆಸ್ರು ಎತ್ಬೇಡ ಕಣೇ" ಎಂದು ನನ್ನ ಮದುವೆಯ ದಿನ ನೀನು ಅಂದಿದ್ದೆ. ಇಪ್ಪತ್ತೆಂಟು ವರ್ಷ ನಾನು ಎತ್ತಿರಲಿಲ್ಲ.

ಎಚ್ಚರವಾದಾಗ ಮೊದಲು ನೆನಪಾದದ್ದು ವಿಜಯನಗರದ ನಮ್ಮ ಅಂಗಡಿ. ಮೆಣಸಿನಕಾಯಿ ಮೂಟೆಗಳ ಹಿಂದೆ ನಾವಿಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಮೊದಲು ಸೀನಿದವರು ಸೋತಂತೆ. ನನಗೆ ಸೀನು ಬರುವ ಹಾಗಾದಾಗ ನೀನು ಬೇಕೆಂದೇ ಮೊದಲು ಸೀನುತ್ತಿದ್ದೆ. "ಗಿರಾಕಿ ಓಡೋಗ್ತಾರೆ ಕಣ್ರೋ" ಎಂದು ಅಪ್ಪ ಗದರುತ್ತಿದ್ದರು.

ನನ್ನ ಡಾಕ್ಟರು ಬರೆದುಕೊಟ್ಟ ಚೀಟಿ ಇದರ ಜೊತೆಗಿದೆ. ಅದನ್ನು ನಿನ್ನ ಅರಿವಳಿಕೆ ವೈದ್ಯರಿಗೆ ತೋರಿಸು, ರಕ್ತಪರೀಕ್ಷೆ ಮಾಡಿಸಿಕೋ. ಚೀಟಿ ಯಾರದೆಂದು ಕೇಳಿದರೆ, ದಯವಿಟ್ಟು ಒಡಹುಟ್ಟಿದ ತಂಗಿಯದೆಂದೇ ಹೇಳು. ಹಾಗೆ ಹೇಳದಿದ್ದರೆ ಅವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಇತಿ,
ಪದ್ಮಜಾ