ನಾಲ್ಕು ಮನೆಯ ಆಟ

ಜೂನ್ 5, 1928. ಮಂಗಳವಾರ.

ಭದ್ರಾವತಿ. ಕಬ್ಬಿಣದ ಕಾರ್ಖಾನೆಯಲ್ಲಿ ಇಡೀ ದಿನ ಒಂದೇ ಬಾಯ್ಲರಿನ ನಕ್ಷೆಯ ಟ್ರೇಸಿಂಗ್. ತೇವಕ್ಕೆ ಟ್ರೇಸಿಂಗ್ ಬಟ್ಟೆ ಮೆತ್ತಗಾಗಿ ಇಂಕು ಹರಡಿತು. ಹೆಡ್ ಡ್ರಾಫ್ಟ್ಸ್‌ಮನ್ ಈಶ್ವರಪ್ಪನವರು ಕನ್ನಡಕದ ಮೇಲಿಂದ ನೋಡಿದರು. ಅದಕ್ಕಿಂತ ಬೈದಿದ್ದರೇ ವಾಸಿ. ಹಾಳಾದ ತುಂಡು ಮನೆಗೆ ತಂದೆ. ನನ್ನಾಕೆ ದಾಕ್ಷಾಯಣಿ ಅದರ ಗಂಜಿ ತೊಳೆದು ಕರವಸ್ತ್ರ ಮಾಡುತ್ತಾಳೆ.

ನೀಲಾಳಿಗೆ ಮತ್ತೆ ಚಳಿಜ್ವರ. ಎರಡು ಕಂಬಳಿ ಹೊದಿಸಿದ್ದರೂ ಹಲ್ಲು ಕಟಕಟ. ಒಂಬತ್ತು ವರ್ಷದ ಹುಡುಗಿ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಜ್ವರ ಬಿಟ್ಟ ತಕ್ಷಣ ಕೇಳಿದ ಮೊದಲ ಮಾತು: ‘ಅಪ್ಪಾ, ಭಾನುವಾರ ಆಟ ಇದೆ ತಾನೆ?’

ಜೂನ್ 10. ಭಾನುವಾರ.

ಆಟಕ್ಕೆ ಹೋದಳು. ತಡೆಯುವವರು ಯಾರು. ಕುಲುಮೆಯ ಅಮೆರಿಕದ ಇಂಜಿನಿಯರ್ ವೀಲರ್ ಸಾಹೇಬರು ಕ್ವಾರ್ಟರ್ಸಿನ ಮಕ್ಕಳನ್ನೆಲ್ಲ ಮೈದಾನದಲ್ಲಿ ಸೇರಿಸಿ ತಮ್ಮ ದೇಶದ ಬೇಸ್‌ಬಾಲ್ ಕಲಿಸುತ್ತಾರೆ. ಬ್ಯಾಟು ನಮ್ಮ ಕಾರ್ಪೆಂಟರಿ ಶಾಪಿನದು, ಹೊನ್ನೆ ಮರ. ಚೆಂಡು ಹೊಡೆದು ಮೂರು ಕಡೆ ಮುಟ್ಟಿ ಹೊರಟ ಜಾಗಕ್ಕೇ ವಾಪಸ್ ಓಡಬೇಕು. ನೀಲಾ ಕುಂಟಾಬಿಲ್ಲೆಯ ಲೆಕ್ಕದಲ್ಲಿ ಅವನ್ನು ಒಂದನೇ ಮನೆ, ಎರಡನೇ ಮನೆ ಅಂತಾಳೆ. ಸಾಹೇಬರಿಗೆ ಅದು ಗೊತ್ತಾಗಿ ಬಿದ್ದು ಬಿದ್ದು ನಕ್ಕರು. ಅವರ ಭಾಷೆಯಲ್ಲೂ ಕೊನೆಯದಕ್ಕೆ ಮನೆ ಅಂತಲೇ ಹೆಸರಂತೆ.

ಎರಡನೇ ಮನೆಯ ಹತ್ತಿರ ಕೂತುಬಿಟ್ಟಳು. ಎತ್ತಿಕೊಂಡು ಬಂದೆ. ಏನೂ ಭಾರವಿಲ್ಲ.

ಜೂನ್ 12. ಮಂಗಳವಾರ.

ಡಾಕ್ಟರ್ ಶ್ರೀನಿವಾಸಮೂರ್ತಿಗಳು ಎಡ ಪಕ್ಕೆಯ ಕೆಳಗೆ ಒತ್ತಿ ನೋಡಿದರು. ಆಮೇಲೆ, ‘ಜ್ವರಗಡ್ಡೆ ಏಕಾಂತಪ್ಪನೋರೆ, ಅಂದ್ರೆ ಗುಲ್ಮ, ಸ್ಪ್ಲೀನು. ಪಕ್ಕೆಯಿಂದ ನಾಲ್ಕು ಬೆರಳು ಕೆಳಗೆ ಇಳಿದಿದೆ. ನಿಮಗೂ ನನಗೂ ಅದು ಕೈಗೇ ಸಿಗೋದಿಲ್ಲ, ಪಕ್ಕೆ ಒಳಗೆ ಇರತ್ತೆ. ಇವಳದು ಊದಿಕೊಂಡು ಹೊರಗೆ ಬಂದಿದೆ. ಬಿದ್ರೆ, ಚೆಂಡು ತಗುಲಿದ್ರೆ, ಒಡೀಬಹುದು.’

‘ಒಡೆದ್ರೆ?’

‘ಒಡೀಬಾರದು. ಕ್ವಿನೈನ್ ತಪ್ಪಿಸ್ಬೇಡಿ. ಗಡ್ಡೆ ಪೂರ್ತಿ ಒಳಗೆ ಸೇರೋವರೆಗೆ ಓಟ ಬೇಡ.’

ಓಟ ಬೇಡ ಅಂದದ್ದಕ್ಕೆ ನೀಲಾ ಅತ್ತಳು. ಜ್ವರಕ್ಕೆ ಅಳದವಳು. ನಮ್ಮವ್ವ ಅಂದಿನಿಂದಲೇ ಕಾವಲು. ಹೊಸಿಲ ಮೇಲೆ ಕೋಲು ಹಿಡಿದು ಕೂತಿದ್ದಾಳೆ.

ಜೂನ್ 20. ಬುಧವಾರ.

ಸಾಹೇಬರು ನೀಲಾಳನ್ನು ವಿಚಾರಿಸಲು ಆಫೀಸಿಗೆ ಬಂದರು. ನನ್ನ ಹಾಳೆಯ ಮೂಲೆಯಲ್ಲಿ ಅವಳಿಗಾಗಿ ಗೀಚಿದ ಬ್ಯಾಟಿನ ಹುಡುಗಿ ಕಣ್ಣಿಗೆ ಬಿತ್ತು. ಬೈಗುಳಕ್ಕೆ ಕಾದಿದ್ದೆ. ಅವರು ಹೇಳಿದ್ದೇ ಬೇರೆ. ಅವರ ಹತ್ತಿರ ಕೈಯಲ್ಲಿ ಹಿಡಿಯುವ ಸಿನಿಮಾ ಕ್ಯಾಮೆರಾ ಇದೆ. ಒಂದರ ಮೇಲೊಂದು ಚಿತ್ರ ಬರೆಯಬೇಕು, ಪ್ರತಿಯೊಂದೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಬೇರೆ. ಒಂದೊಂದನ್ನೇ ಹಿಡಿಯುತ್ತಾ ಹೋದರೆ ಪರದೆಯ ಮೇಲೆ ಬೊಂಬೆ ಓಡುತ್ತದೆ. ಒಂದು ನಿಮಿಷದ ಓಟಕ್ಕೆ ಸಾವಿರದ ಹತ್ತಿರ ಚಿತ್ರ ಬೇಕು.

ಹಳೆಯದರ ಮೇಲೆ ಹೊಸದಿಟ್ಟು ಟ್ರೇಸ್ ಮಾಡುವುದು — ನನ್ನ ಕಸುಬೇ ಅದು. ಒಪ್ಪಿಕೊಂಡೆ. ಹಾಳಾದ ತುಂಡೆಲ್ಲ ಚಿತ್ರಕ್ಕೆ, ಇನ್ನು ಕರವಸ್ತ್ರ ಇಲ್ಲ ಅಂದೆ ದಾಕ್ಷಾಯಣಿಗೆ. ‘ಮಗು ನಗ್ತದೆ ಅಂದ್ರೆ ನನ್ನ ಸೀರೆ ಮೇಲೂ ಬರೀರಿ’ ಅಂದಳು.

ಜುಲೈ 1. ಭಾನುವಾರ.

ಜಗಳ. ಬರೆದದ್ದನ್ನೆಲ್ಲ ನೀಲಾ ಪಕ್ಕಕ್ಕೆ ತಳ್ಳಿದಳು.

‘ಇದ್ಯಾರು?’

‘ನೀನೇ ಕಣೆ.’

‘ನಾನಲ್ಲ. ಹೊಟ್ಟೆ ಎಲ್ಲಿ?’

ಚೆಂದ ಕಾಣಲಿ ಅಂತ ಬಿಟ್ಟೆ ಅಂದೆ. ‘ಹೊಟ್ಟೆ ಇರೋರು ಚೆಂಡು ಹೊಡೀಬಾರದಾ?’ ಅಂದಳು. ಕೋಪ ಬಂತು, ವಾರದ ಕೆಲಸ ನೀರುಪಾಲು. ಎಲ್ಲ ಮೊದಲಿಂದ. ಈಗ ಅವಳದೇ ಕಾನೂನು: ಪ್ರತಿ ಭಾನುವಾರ ಗೋಡೆಯ ಪಕ್ಕ ಅಡ್ಡ ನಿಲ್ಲುತ್ತಾಳೆ, ಹೊಟ್ಟೆ ಎಷ್ಟಿದೆಯೋ ಆ ವಾರದ ಚಿತ್ರಗಳಲ್ಲಿ ಅಷ್ಟೇ ಇರಬೇಕು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ಜುಲೈ 9.

ಬೊಂಬೆ ಬ್ಯಾಟು ಎತ್ತಿದೆ. ಇನ್ನೂ ಬೀಸಿಲ್ಲ. ಜ್ವರ ಒಂದು ಸಲ.

ಆಗಸ್ಟ್ 12. ಭಾನುವಾರ.

ಅವ್ವನ ಹೊಸ ಹಟ. ಹೊಟ್ಟೆಗೆ ಬರೆ ಹಾಕಿಸಬೇಕಂತೆ. ಕುಂಸಿಯಲ್ಲಿ ಯಾರೋ ಇದ್ದಾರೆ, ಅರಿಶಿನದ ಕೊಂಬು ಕಾಯಿಸಿ ಗಡ್ಡೆಯ ಮೇಲೆ ಇಡುತ್ತಾರೆ, ಗಡ್ಡೆ ಹೆದರಿ ಒಳಗೆ ಹೋಗುತ್ತದೆ.

‘ನಿನಗೂ ಹಾಕ್ಸಿದ್ದೆ. ಬದುಕಿಲ್ವೇನೋ?’

ಬದುಕಿದ್ದೇನೆ. ಗುರುತೂ ಇದೆ. ಆದರೂ ಕೂಗಾಡಿದೆ. ಅವ್ವ ಎರಡು ದಿನ ಊಟ ಬಿಟ್ಟಳು. ಕೊನೆಗೆ ನೀಲಾಳೇ ಅಜ್ಜಿಗೆ ಕೈತುತ್ತು ತಿನ್ನಿಸಿ ರಾಜಿ ಮಾಡಿದಳು. ಕ್ವಿನೈನ್ ಕುಡಿದು ಮುಖ ಕಿವುಚಿಕೊಂಡೇ ಇಬ್ಬರನ್ನೂ ಬೈಯುತ್ತಾಳೆ, ಯಜಮಾನಿ.

ಸೆಪ್ಟೆಂಬರ್ 16. ಭಾನುವಾರ.

ತಿಂಗಳಿಂದ ಜ್ವರವಿಲ್ಲ! ಡಾಕ್ಟರು ಒತ್ತಿ ನೋಡಿ ಎರಡು ಬೆರಳು ಅಂದರು. ಅವ್ವ ಮನೆಮಂದಿಗೆಲ್ಲ ವಿಭೂತಿ ಬಳಿದಳು.

ಬೊಂಬೆ ಎರಡನೇ ಮನೆ ದಾಟಿತು. ಅದರ ಹೊಟ್ಟೆಯೂ ಇಳಿಯುತ್ತಿದೆ. ದಾಕ್ಷಾಯಣಿ ಈಗ ಇಂಕು ತುಂಬುತ್ತಾಳೆ, ನನಗಿಂತ ಅವಳ ಕೈ ಗಟ್ಟಿ. ಹೇಳಲಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾಳೆ.

ಅಕ್ಟೋಬರ್ 14. ಭಾನುವಾರ.

ಮುಗಿಯಿತು. ಕೊನೆಯ ಚಿತ್ರದಲ್ಲಿ ಬೊಂಬೆ ನಾಲ್ಕನೇ ಮನೆ ಮುಟ್ಟಿ ಎರಡೂ ಕೈ ಮೇಲೆತ್ತುತ್ತದೆ. ಹೊಟ್ಟೆ ಚಪ್ಪಟೆ. ಸುಳ್ಳಲ್ಲ, ನೀಲಾಳ ಹೊಟ್ಟೆ ನೋಡಲು ಈಗ ಹಾಗೇ ಇದೆ. ಒಳಗೆ ಗಡ್ಡೆ ಮಾತ್ರ ಇನ್ನೂ ಒಂದು ಬೆರಳು ಕೈಗೆ ಸಿಗುತ್ತದೆ. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ, ಮೇಲೆ ನೋಡಿ ಮೋಸಹೋಗಬೇಡಿ, ಸಂಕ್ರಾಂತಿವರೆಗೆ ಓಟವಿಲ್ಲ.

ಸಾಹೇಬರು ಬಂಗಲೆಯಲ್ಲಿ ಒಂದೊಂದೇ ಹಾಳೆ ಇಟ್ಟು ಹಿಡಿಯುತ್ತಿದ್ದಾರೆ. ಫಿಲಂ ತೊಳೆಯಲು ಬೊಂಬಾಯಿಗೆ ಹೋಗಬೇಕು.

ನವೆಂಬರ್ 17. ಶನಿವಾರ. ಸಂಜೆ.

ಸಾಹೇಬರ ವರಾಂಡದಲ್ಲಿ ತೋರಿಸಿದರು. ಬೆಳ್ಳನೆಯ ದುಪ್ಪಟಿ, ಯಂತ್ರದ ಕರಕರ. ಡಾಕ್ಟರು, ಈಶ್ವರಪ್ಪನವರು, ಆಟದ ಮಕ್ಕಳು, ನಾವೆಲ್ಲ.

ಓಡಿತು. ನಮ್ಮ ಬೊಂಬೆ ನಿಜವಾಗಿ ಓಡಿತು. ಬ್ಯಾಟು ಬೀಸಿ, ದೊಡ್ಡ ಹೊಟ್ಟೆ ಕುಲುಕಿಸುತ್ತಾ ಒಂದನೇ ಮನೆ. ಮಕ್ಕಳು ಹೋ ಅಂದರು. ಎರಡನೆಯದು. ಮೂರನೆಯದಕ್ಕೆ ಹೊಟ್ಟೆ ಅರ್ಧ. ನಾಲ್ಕನೆಯದಕ್ಕೆ ಹೊಟ್ಟೆಯೇ ಇಲ್ಲ. ಐದು ತಿಂಗಳು ಒಂದು ನಿಮಿಷದಲ್ಲಿ ಮುಗಿಯಿತು. ನೀಲಾ ನನ್ನ ಅಂಗಿ ಹಿಡಿದು ‘ನಾನು ನಾನು ನಾನು’ ಅನ್ನುತ್ತಿದ್ದಳು. ಮೂರು ಸಲ ತೋರಿಸಿದರು. ಈಶ್ವರಪ್ಪನವರು ‘ಪರವಾಗಿಲ್ಲ ಕಣಯ್ಯ’ ಅಂದರು. ಐದು ವರ್ಷದಲ್ಲಿ ಮೊದಲ ಸಲ.

ಅವ್ವ ಈವರೆಗೆ ಸಿನಿಮಾ ನೋಡಿದವಳಲ್ಲ. ಮನೆ ಬಾಗಿಲಲ್ಲಿ ಕೇಳಿದಳು: ‘ಓಡ್ತಾ ಓಡ್ತಾ ಹೊಟ್ಟೆ ಕರಗಿ ಹೋಯ್ತಲ್ಲೋ?’ ಹೂಂ ಅಂದೆ. ನಗು ಬಂತು. ಎಷ್ಟು ಖುಷಿಯಾಗಿದೆ ಎಂದರೆ ಬರೆಯಲು ಬರುತ್ತಿಲ್ಲ.

ನವೆಂಬರ್ 18. ಭಾನುವಾರ. ಶಿವಮೊಗ್ಗದ ಪ್ಯಾಸೆಂಜರಿನಲ್ಲಿ.

ಪೆನ್ಸಿಲ್. ಗಾಡಿ ಅಲುಗುತ್ತದೆ. ಸುಮ್ಮನೆ ಕೂರಲು ಆಗುವುದಿಲ್ಲ, ಬರೆಯುತ್ತೇನೆ.

ಬೆಳಿಗ್ಗೆ ಹಳೇ ಊರಿನ ಸಂತೆಗೆ ಹೋಗಿದ್ದೆ. ದಾಕ್ಷಾಯಣಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ. ಅವ್ವ ನೀಲಾಳಿಗೆ ಹಾಲು ಕುಡಿಸಿ, ವಿಭೂತಿ ಹಚ್ಚಿ, ತಾನೇ ಕೈ ಹಿಡಿದು ಮೈದಾನಕ್ಕೆ ಕರೆದುಕೊಂಡು ಹೋಗಿದ್ದಾಳೆ. ಕೋಲು ಹಿಡಿದು ಕಾದವಳು. ‘ಚೆನ್ನಾಗಿ ಓಡು ಮಗಾ, ಉಳಿದಿದ್ದೂ ಕರಗಲಿ’ ಅಂದಳಂತೆ. ನೀಲಾ ಮೂರನೇ ಮನೆಯ ಕಲ್ಲಿಗೆ ಎಡವಿ ಹೊಟ್ಟೆ ಅಡಿಯಾಗಿ ಬಿದ್ದಳು. ಎದ್ದು ನಾಲ್ಕನೆಯದಕ್ಕೂ ಓಡಿದಳು.

ನಾನು ಬಂದಾಗ ಅನ್ನ ಉಣ್ಣುತ್ತಿದ್ದಳು. ನಗುತ್ತಿದ್ದಳು. ಅವ್ವನ ಮೇಲೆ ಎಗರಾಡಿದೆ. ‘ಓಡಿದ್ರೆ ಕರಗ್ತದೆ ಅಂತ ನೀನೇ ತೋರಿಸ್ದೆಯಲ್ಲೋ’ ಅಂದಳು. ದೂರಿನ ದನಿಯಲ್ಲ. ನಿಜವಾಗಿ ಅರ್ಥವಾಗದೆ ಕೇಳಿದಳು.

ಮಧ್ಯಾಹ್ನ ನೀಲಾ ಭುಜ ನೋವು ಅಂದಳು. ಬ್ಯಾಟು ಬೀಸಿದ್ದಕ್ಕೆ ಅಂತ ದಾಕ್ಷಾಯಣಿ ಎಣ್ಣೆ ಹಚ್ಚಿ ತಿಕ್ಕಿದಳು. ನನಗೆ ಸಮಾಧಾನವಾಗದೆ ಡಾಕ್ಟರಿಗೆ ಹೇಳಿಕಳಿಸಿದೆ. ಬಂದರು. ನೀಲಾ ನಗುತ್ತಲೇ ಇದ್ದಳು, ಅವರೂ ನಕ್ಕು ಕಾಫಿ ತೆಗೆದುಕೊಂಡರು. ಭುಜದ ಮಾತು ಬಂತು.

‘ಯಾವ ಕಡೇದು?’

‘ಎಡಗಡೇದು’ ಅಂದಳು ದಾಕ್ಷಾಯಣಿ.

ಡಾಕ್ಟರು ಲೋಟ ಕೆಳಗಿಟ್ಟರು. ಗಡ್ಡೆಯಿಂದ ರಕ್ತ ಸೋರಿದರೆ ನೋವು ಅಲ್ಲಿ ಕಾಣಿಸಿಕೊಳ್ಳುತ್ತದಂತೆ. ‘ಬಟ್ಟೆ ತಗೊಳ್ಳಿ, ಸಂಜೆ ಗಾಡಿ ಇನ್ನೂ ಹೋಗಿಲ್ಲ. ದೊಡ್ಡಾಸ್ಪತ್ರೆಗೆ’ ಅಂದರು, ತಾವೂ ಜೊತೆಗೆ ಹೊರಟರು.

ನನಗೆ ಹೆದರಿಕೆ. ಬೇರೆ ಏನೂ ಇಲ್ಲ, ಬರೀ ಹೆದರಿಕೆ. ನೀಲಾ ತಾಯಿಯ ಮಡಿಲಲ್ಲಿ. ತುಟಿ ಬೆಳ್ಳಗಾಗಿದೆ. ಅವ್ವ ಅವಳ ಪಾದ ಹಿಡಿದು ಎದುರಿಗೆ ಕೂತಿದ್ದಾಳೆ, ಬಿಡು ಅಂದರೂ ಬಿಡುತ್ತಿಲ್ಲ.

‘ಅಪ್ಪಾ, ಏನು ಬರೀತಿದೀಯಾ?’

‘ನಿನ್ನ ವಿಷಯ.’

‘ನಾಲ್ಕೂ ಮನೆ ಮುಟ್ಟಿದೆ ಅಂತ ಬರಿ.’

ನಾಲ್ಕೂ ಮನೆ ಮುಟ್ಟಿದಳು.

ಓದಿ ಹೇಳು ಅಂದಳು. ಹೇಳಿದೆ. ಕಣ್ಣು ಮುಚ್ಚಿದಳು. ಸ್ಟೇಷನ್ನಿನ ದೀಪ ಕಾಣುತ್ತಿದೆ. ಡಾಕ್ಟರು ಅವಳ ಮಣಿಕಟ್ಟು ಹಿಡಿದು, ನಾಡಿ ಸಿಗದೆ ಮತ್ತೆ ಮತ್ತೆ ಹುಡುಕಿ, ನನ್ನ ಕಡೆ —